ಮಣ್ಣಿಗೆ ತಪ್ಪಿಸದ ಮಾವನವರು

ನಮ್ಮ ಮಾವನವರು ನಿಮ್ಮ ಮನೆಗೆ ಬರಬೇಕು ಎಂದಿದ್ದರೆ ಅದಕ್ಕೆ ಇದ್ದದ್ದು ಒಂದೇ ಉಪಾಯ. ನಿಮ್ಮ ಮನೆಯಲ್ಲಿ ಯಾರಾದರೂ ಸಾಯಬೇಕು! ಮದುವೆಗೆ ಕರೆಯಿರಿ, "ಆತು, ನೋಡೋಣು" ಎನ್ನುವರು, ಬರುವುದಿಲ್ಲ. ಕೂಸಿನ ತೊಟ್ಟಿಲಿಗೆ ಕರೆಯಿರಿ, ಆ ಹೊತ್ತಿಗೆ ಸರಿಯಾಗಿ ಹೊಲದ ಕಡೆ ಕೆಲಸ ಬೀಳುವುದು. ಆದರೆ ಬಾಗಲಕೋಟೆಯ ಯಾವ ಓಣಿಯಲ್ಲಿ ಯಾರ ಉಸಿರು ನಿಂತರೂ ಅಳುವ ದನಿ ಏಳುವ ಮೊದಲೇ ಮಾವ ಆ ಮನೆಯ ಕಟ್ಟೆಯ ಮೇಲೆ ಇರುತ್ತಿದ್ದರು. ಕೆಲವರು ಹಾಸಿಗೆ ಹಿಡಿದ ಮುದುಕರ ಮನೆಯ ಮುಂದೆ ಅವರು ಹಾದುಹೋದರೂ ಅಂಜುತ್ತಿದ್ದರು.

ಮಾವ ಎಂದರೆ ನನ್ನ ಗಂಡನ ಕಾಕಾ. ನನ್ನ ಸ್ವಂತ ಅತ್ತೆ-ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಕಾಕಾ-ಕಾಕೂಗೆ ಮಕ್ಕಳಿರಲಿಲ್ಲ. ಹೀಗಾಗಿ ಬಾದಾಮಿಯಿಂದ ಸೊಸೆಯಾಗಿ ಬಂದ ನನಗೆ ಅವರೇ ಮಾವ, ಅವರೇ ಅತ್ತೆ. ನನ್ನ ಗಂಡ ಅರಳೆಯ ಜಿನ್ನಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮಾತಾಡಿದರೆ ನಾಲಗೆ ಸವೆಯುತ್ತದೆ ಎಂದು ತಿಳಿದ ಮನುಷ್ಯ. ಆದ್ದರಿಂದ ಈ ಬರಹದಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ "ಮಣ್ಣು ಯಾವಾಗ?" ಎಂದು ಕೇಳುತ್ತಾರೆ. ಹೆಣವನ್ನು ಕುಣಿಯಲ್ಲಿ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಮುಷ್ಟಿ ಮಣ್ಣು ಹಾಕಬೇಕು. ಅದಕ್ಕೆ ಮಣ್ಣು ಕೊಡುವುದು ಎನ್ನುತ್ತೇವೆ. ನಮ್ಮಲ್ಲಿಯೂ ಹಾಗೆ, ಮುಸಲ್ಮಾನರಲ್ಲಿಯೂ ಹಾಗೆ. ಮಾವ ಎರಡೂ ಕಡೆ ತಪ್ಪಿಸುತ್ತಿರಲಿಲ್ಲ. ಮತ್ತು ಎರಡೂ ಕಡೆ ಅವರ ಉಪದ್ರವ ಒಂದೇ ತರದ್ದು. ಮಣ್ಣು ಕೊಡುವುದಕ್ಕೆ ಅವರದೇ ಆದ ಶಿಸ್ತಿತ್ತು ನೋಡಿ! ಹೆಂಟೆ ಹಾಕಬಾರದು. ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಬೇಕು. ನಿಂತು ಒಗೆಯಬಾರದು, ಬಾಗಿ ಬಿಡಬೇಕು. ಒಮ್ಮೆ ಯಾರೋ ಅವಸರದ ಮನುಷ್ಯ ಹಿಡಿಗಾತ್ರದ ಹೆಂಟೆಯೊಂದನ್ನು ಧಪ್ಪೆಂದು ಒಗೆದನಂತೆ.

"ಲೇ ತಮ್ಮಾ, ಹೆಂಟಿ ಒಗೀಬ್ಯಾಡೋ! ಮನಷ್ಯಾಗ ಬಡೀತೈತಿ!"

"ಸತ್ತಾಂವಗ ಏನ ಬಡೀತೈತ್ರಿ, ಯಜಮಾನ್ರ?"

"ಹಂಗಾರ ನೀ ಇಳಿ. ನಾ ಒಂದ ಹೆಂಟಿ ಒಗೀತೇನಿ. ಬಡೀತೋ ಇಲ್ಲೋ ನೀನ ಹೇಳು."

ಅಳುತ್ತಿದ್ದ ಮನೆಯವರೂ ಸೆರಗು ಅಡ್ಡ ಹಿಡಿದು ನಕ್ಕರಂತೆ. ಮಾವ ಮಾತ್ರ ನಗಲಿಲ್ಲ. ಅವರು ಚೇಷ್ಟೆಗೆ ಹೇಳಿದ ಮಾತೇ ಅಲ್ಲ ಅದು.

ಇಂಥ ಮನುಷ್ಯ ಮುನಸಿಪಾಲ್ಟಿಯ ಮೆಂಬರಕಿಗೆ ನಿಂತರು! ಎದುರಿಗೆ ನಿಂತವರು ದೊಡ್ಡ ಅಡತಿ ವ್ಯಾಪಾರಿ. ಬೀದಿಗೆ ಕಂದೀಲು ಹಾಕಿಸುತ್ತೇನೆ, ಗಟಾರು ಕಟ್ಟಿಸುತ್ತೇನೆ ಎಂದು ಭಾಷಣ ಮಾಡಿದರು. ಮಾವ ಭಾಷಣ ಮಾಡಲಿಲ್ಲ. ಅವತ್ತು ಅವರಿಗೆ ಒಂದು ಮಣ್ಣಿತ್ತು. ವ್ಯಾಪಾರಿಗಳು ಚಾವಡಿಯ ಮುಂದೆ ನಿಂತು, "ಏನ್ರಿ, ನಿಮಗ ಸತ್ತವ್ರು ವೋಟ ಹಾಕ್ತಾರೇನು?" ಎಂದು ಕೇಳಿದರೆ ಮಾವ ಕಾಲ್ಮರಿ ಹಾಕಿಕೊಳ್ಳುತ್ತ, "ಸತ್ತವ್ರು ಹಾಕಂಗಿಲ್ರಿ, ಸತ್ತವ್ರ ಮಕ್ಳು ಹಾಕ್ತಾರ" ಎಂದರು. ಹಾಕಿದರು ಕೂಡ. ಆರಿಸಿ ಬಂದ ಮೇಲೆ ಪ್ರತಿ ಸಭೆಯಲ್ಲಿಯೂ ಅವರು ಎತ್ತುತ್ತಿದ್ದ ವಿಷಯ ಒಂದೇ, ಸ್ಮಶಾನದ ದಾರಿಗೆ ಮುರುಮು ಹಾಕಿಸುವುದು.

ಊರಿಗೆ ದೊಡ್ಡವರಾದರೆ ಮನೆಗೆ ದೊಡ್ಡವರಾಗಬೇಕೆಂದು ಎಲ್ಲಿದೆ? ಮನೆಯ ಮುನಸಿಪಾಲ್ಟಿ ನಮ್ಮ ಅತ್ತೆಯದು. ಮಣ್ಣಿಗೆ ಹೋಗಿ ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟಬಾರದು ಎಂಬುದು ಅವರ ಕಾಯಿದೆ. ಹೊರಗಿನ ಕಟ್ಟೆಯ ಮೇಲೆ ಒಂದು ತಾಮ್ರದ ತಂಬಿಗೆ ನೀರು ತುಂಬಿಕೊಂಡು ಯಾವಾಗಲೂ ಕಾದಿರುತ್ತಿತ್ತು. ಬೇರೆಯವರ ಮನೆಯಲ್ಲಿ ಅಂಥ ತಂಬಿಗೆ ವರ್ಷಕ್ಕೊಮ್ಮೆ ಹೊರಗೆ ಬರುತ್ತಿದ್ದರೆ, ನಮ್ಮ ಮನೆಯಲ್ಲಿ ಅದರ ವಾಸವೇ ಹೊರಗೆ! ಮಾವನ ಕಾಲ್ಮರಿಯ ಸಪ್ಪಳ ಓಣಿಯ ತುದಿಗೆ ಕೇಳಿದರೆ ಸಾಕು, ಅಡುಗೆಮನೆಯಿಂದಲೇ ಅತ್ತೆ ಗುಡುಗುತ್ತಿದ್ದರು.

"ಅಲ್ಲೇ ನಿಂದರ್ರಿ! ಕಾಲ ತೊಳಕೊಂಡ ಒಳಗ ಬರ್ರಿ!"

"ಇವತ್ತ ಮಣ್ಣಿಗಿ ಹೋಗಿದ್ದಿಲ್ಲಲೇ, ಕಚೇರಿಗಿ ಹೋಗಿದ್ನಿ."

"ನಿಮ್ಮ ಕಾಲ ಎಲ್ಲೆಲ್ಲಿ ಹೊಕ್ಕ ಬಂದಾವೋ ನಿಮಗರ ಎಲ್ಲಿ ಗೊತ್ತೈತಿ? ತೊಳೀರಿ ಸುಮ್ಮ!"

ಮಾವ ತೊಳೆಯುತ್ತಿದ್ದರು. ಮಾಮಲೇದಾರರ ಎದುರಿಗೆ ಕಾಲಮೇಲೆ ಕಾಲು ಹಾಕಿ ಕೂಡುವ ಮನುಷ್ಯ ಅತ್ತೆಯ ಎದುರಿಗೆ ಹಿಮ್ಮಡಿ ಎತ್ತೆತ್ತಿ ತೋರಿಸುತ್ತಿದ್ದರು. ಸೇಡು ತೀರಿಸಿಕೊಳ್ಳಲು ಅವರಿಗೆ ಇದ್ದದ್ದು ಒಂದೇ ಜಾಗ, ಅತ್ತೆಯ ಹೊಲಿಗೆ. ಅತ್ತೆಯ ಕೈಯ ರೊಟ್ಟಿ ಹುಣ್ಣಿಮೆಯ ಚಂದ್ರ, ಆದರೆ ಹೊಲಿಗೆ ಮಾತ್ರ ದೇವರಿಗೇ ಪ್ರೀತಿ! ಬಿಚ್ಚಿ ಹೋದೀತು ಎಂಬ ಹೆದರಿಕೆಗೆ ಮಡಿಸಿ ಹೊಲಿಯುವರು, ಹೊಲಿದದ್ದನ್ನು ಮತ್ತೆ ಮಡಿಸಿ ಹೊಲಿಯುವರು. ಒಂದು ಕೌದಿ ಹೊಲಿದರೆ ಅಂಚು ದಿಂಬಿನಷ್ಟು ದಪ್ಪ. "ಹೊತಗೊಳ್ಳಾಕ ಹೊಲದೀಯೋ, ಕೋಟಿ ಕಟ್ಟಾಕ ಹೊಲದೀಯೋ?" ಎಂದು ಮಾವ ಕೇಳುತ್ತಿದ್ದರು. ಅತ್ತೆಗೆ ಆ ಮಾತು ಖರೇ ಚುಚ್ಚುತ್ತಿತ್ತು. ಎರಡು ದಿನ ಮಾತು ಬಿಡುತ್ತಿದ್ದರು.

ಹೀಗಿರುವಾಗ ಆ ದೊಡ್ಡ ಯುದ್ಧ ಬಂತು. ಎಲ್ಲೋ ವಿಲಾಯತಿಯಲ್ಲಿ ರಾಜರು ರಾಜರು ಬಡಿದಾಡಿದರೆ ಬಾಗಲಕೋಟೆಯಲ್ಲಿ ಏನಾಗಬೇಕು ಹೇಳಿ? ಎಣ್ಣೆ ತುಟ್ಟಿಯಾಯಿತು, ಸಕ್ಕರೆ ಕಾಣದಾಯಿತು. ಇಳಕಲ್ಲಿನ ನೇಕಾರರಿಗೆ ಪರದೇಶದ ಬಣ್ಣ ಬರುವುದು ನಿಂತು ಮಗ್ಗಗಳು ಸುಮ್ಮನಾದವು. ನಮ್ಮ ಮನೆಗೆ ಮಾತ್ರ ವಾರಕ್ಕೊಮ್ಮೆ ರೈಲಿನಲ್ಲಿ ಒಂದು ಪತ್ರಿಕೆ ಬರುವುದು ಶುರುವಾಯಿತು. ಮಾವನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನಾನು ಬಾದಾಮಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು. ಆದರೆ ಸೊಸೆ ಮಾವನ ಎದುರಿಗೆ ಕೂತು ಓದುವುದುಂಟೆ? ಹಾಗಾಗಿ ನಾನು ಬಾಗಿಲ ಹಿಂದೆ ನಿಂತು ಒದರುವುದು, ಅವರು ಪಡಸಾಲೆಯಲ್ಲಿ ಕೂತು ಕೇಳುವುದು. ಓಣಿಗೆಲ್ಲ ಬಿಟ್ಟಿ ಸುದ್ದಿ!

ಒಂದು ವಾರ ದೊಡ್ಡ ಸುದ್ದಿ ಬಂತು. ಯುದ್ಧದ ಕಾರಭಾರ ನೋಡುವ ವಿಲಾಯತಿಯ ಮಂತ್ರಿಯೊಬ್ಬರು ಹಡಗಿನಲ್ಲಿ ಹೊರಟಿದ್ದರಂತೆ, ಹಡಗು ಮುಳುಗಿ ಹೋಯಿತಂತೆ, ದೇಹ ಸಿಗಲಿಲ್ಲವಂತೆ. ನಾನು ಓದಿ ಮುಂದಿನ ಸುದ್ದಿಗೆ ಹೋದೆ. ಪಡಸಾಲೆಯಿಂದ ಹೂಂ ಎಂಬ ದನಿ ಬರಲಿಲ್ಲ.

"ನಿಂದ್ರವಾ. ದೇಹ ಸಿಗಲಿಲ್ಲಂದ್ಯಾ?"

"ಹೌದ್ರಿ."

"ಹಂಗಾರ ಅಂವಗ ಮಣ್ಣ ಕೊಟ್ಟವ್ರು ಯಾರು?"

ಈ ಪ್ರಶ್ನೆ ವಿಲಾಯತಿಯಲ್ಲಿ ಯಾರಿಗಾದರೂ ಹೊಳೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮಾವ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಅತ್ತೆಯ ಮಲ್ಲಿಗೆ ಬಳ್ಳಿ ಇತ್ತು. ಅತ್ತೆ ಕಲ್ಲು ಆರಿಸಿ, ಸಾಣಿಸಿ, ಗೊಬ್ಬರ ಹಾಕಿ ಹದ ಮಾಡಿದ ಮಣ್ಣು ಅದು. ಊರಲ್ಲೆಲ್ಲ ಹೆಂಟೆಯಿಲ್ಲದ ಮಣ್ಣು ಅದೊಂದೇ. ಅದರಲ್ಲಿ ಒಂದು ಮುಷ್ಟಿ ತೆಗೆದುಕೊಂಡು ಘಟಪ್ರಭೆಯ ದಂಡೆಗೆ ಹೋಗಿ, ಬಾಗಿ, ನೀರಿಗೆ ಬಿಟ್ಟು ಬಂದರು. ಈ ಹೊಳೆ ಕೃಷ್ಣೆಗೆ ಕೂಡುತ್ತದೆ, ಕೃಷ್ಣೆ ಸಮುದ್ರಕ್ಕೆ ಕೂಡುತ್ತದೆ, ಸಮುದ್ರವೆಲ್ಲ ಒಂದೇ. "ಮುಟ್ಟತೈತಿ, ತಡಾ ಆಗಬಹುದು, ಮುಟ್ಟತೈತಿ" ಎಂದರು. ಬಂದವರಿಗೆ ಬಾಗಿಲಲ್ಲಿ "ಅಲ್ಲೇ ನಿಂದರ್ರಿ!" ತಪ್ಪಲಿಲ್ಲ. ಹಡಗಿನಲ್ಲಿ ಸತ್ತ ಮಂತ್ರಿಗಾಗಿ ಬಾಗಲಕೋಟೆಯಲ್ಲಿ ಕಾಲು ತೊಳೆದರು!

ಆಮೇಲೆ ಅದೇ ಚಟವಾಯಿತು. ಸಿಪಾಯಿಗಳ ಪಾಡು ನೋಡಲು ಹೋಗಿ ಜ್ವರ ಬಂದು ಸತ್ತ ಮಂತ್ರಿ, ಪರದೇಶದ ಊರಲ್ಲಿ ಕೂತಲ್ಲೇ ಕಣ್ಣು ಮುಚ್ಚಿದ ರಾಯಭಾರಿ, ಎಲ್ಲರಿಗೂ ನಮ್ಮ ಹಿತ್ತಲಿಂದ ಮಣ್ಣು. ಅತ್ತೆಗೆ ರಾಯಭಾರಿ ಎಂದರೆ ತಿಳಿಯಲಿಲ್ಲ.

"ಅಂದ್ರ, ಒಂದ ರಾಜ್ಯದಿಂದ ಇನ್ನೊಂದ ರಾಜ್ಯಕ್ಕ ಮಾತಾಡಾಕ ಹೋದಾಂವ" ಎಂದು ಮಾವ ವಿವರಿಸಿದರು.

"ಬರೇ ಮಾತಾಡಾಕ? ಮಾತಾಡಿ ಮಾತಾಡಿ ಸತ್ತನೇನು? ನಿಮ್ಮಂತಾಂವನ ಇರಬೇಕು ಬಿಡ್ರಿ."

"ಮನಿ ಬಿಟ್ಟ ಹ್ವಾದಾಂವಲೇ. ತನ್ನ ಮಂದಿ ಒಬ್ರೂ ಬಾಜೂಕ ಇಲ್ದ ಸತ್ತಾನ."

"ಅಂವ ಸತ್ತ. ನನ್ನ ಮಲ್ಲಿಗಿ ಯಾಕ ಸಾಯಬೇಕು? ಬುಡದ ಮಣ್ಣೆಲ್ಲಾ ವಿಲಾಯತಿಗಿ ಹೋತು!"

ಗೊಣಗುತ್ತಿದ್ದರು, ಮರುದಿನ ಮತ್ತೆ ಮಣ್ಣು ಸಾಣಿಸಿ ತುಂಬುತ್ತಿದ್ದರು. ಯಾಕೆ ತುಂಬುತ್ತಿದ್ದರು ಎಂದು ನಾನು ಕೇಳಲಿಲ್ಲ. ಗಂಡ-ಹೆಂಡಿರ ನಡುವೆ ಸೊಸೆ ಬಾಯಿ ಹಾಕಬಾರದು.

ತೊಂದರೆ ಆದದ್ದು ಶತ್ರುಗಳ ಕಡೆಯ ಮಂತ್ರಿಯೊಬ್ಬ ಸತ್ತಾಗ. ಮಾವ ಅವನಿಗೂ ಮಣ್ಣು ಕೊಟ್ಟರು! ಸುದ್ದಿ ಮಾಮಲೇದಾರರ ಕಿವಿಗೆ ಬಿತ್ತು. ಕರೆಸಿದರು.

"ಏನ್ರಿ ಮೆಂಬರ ಸಾಹೇಬ್ರ, ಸರಕಾರದ ಶತ್ರೂಗ ಮಣ್ಣ ಕೊಟ್ರೆಂತ?"

"ಕೊಟ್ಟೇನ್ರಿ."

"ಅಂವ ಯಾ ಪಕ್ಷದಾಂವ ಗೊತ್ತೈತಿಲ್ಲೋ?"

"ಸತ್ತವ್ರದ ಪಕ್ಷ ಒಂದ ರಿ, ರಾವಸಾಹೇಬ್ರ. ನಿಮ್ಮ ತಾಯಾರು ತೀರಕೊಂಡಾಗ ನಾ ಕಟಿಗಿ ಹೊತ್ತೆ. ನೀವು ಯಾ ಪಕ್ಷ ಅಂತ ಕೇಳಿದ್ನೇನ್ರಿ?"

ಮಾಮಲೇದಾರರು ಸುಮ್ಮನೆ ಚಹಾ ತರಿಸಿದರಂತೆ. ಅವರ ತಾಯಿಯನ್ನು ಸುಡುವ ದಿನ ಸುರಿದ ಮಳೆಯಲ್ಲಿ ಒದ್ದೆ ಕಟ್ಟಿಗೆ ಹೊತ್ತ ಊರವರು ಬಹಳ ಮಂದಿ ಇರಲಿಲ್ಲ, ಅವರಿಗೂ ನೆನಪಿತ್ತು.

ಇನ್ನೊಂದು ಸಲ ಆದದ್ದನ್ನು ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಯಾವುದೋ ದೇಶದ ಮಂತ್ರಿ ಸತ್ತನೆಂದು ಪತ್ರಿಕೆಯಲ್ಲಿ ಬಂತು. ಮಾವ ಯಥಾಪ್ರಕಾರ ಹೊಳೆಗೆ ಹೋಗಿ ಬಂದರು. ಮುಂದಿನ ವಾರ ನಾನು ಬಾಗಿಲ ಹಿಂದೆ ನಿಂತು ಓದುತ್ತೇನೆ, ಅದೇ ಮಂತ್ರಿ ಸಭೆಯಲ್ಲಿ ನಿಂತು ದೊಡ್ಡ ಭಾಷಣ ಮಾಡಿದ್ದಾನೆ! ಹಿಂದಿನ ಸುದ್ದಿ ಸುಳ್ಳಂತೆ. ಪಡಸಾಲೆಯಲ್ಲಿ ಮಾವನ ಮುಖ ಸಣ್ಣದಾಯಿತು. ಜೀವಂತ ಇದ್ದ ಮನುಷ್ಯನಿಗೆ ಮಣ್ಣು ಕೊಟ್ಟುಬಿಟ್ಟೆನಲ್ಲ! ಅನ್ನ ಇಳಿಯಲಿಲ್ಲ. ಅತ್ತೆ ಒಲೆಯ ಮುಂದೆ ಕೂತು ಕಣ್ಣೀರು ಬರುವ ಹಾಗೆ ನಕ್ಕರು.

"ಹೋಗ್ರಿ, ಹೊಳಿಗಿ ಹೋಗಿ ಮಣ್ಣ ಹೊಳ್ಳಿ ಕೊಡ ಅನ್ರಿ!"

ಮಾವ ಮಠದ ಅಯ್ಯನವರ ಹತ್ತಿರ ಹೋದರು. ಅಯ್ಯನವರು ವಿಭೂತಿ ಹಚ್ಚಿ, "ಅಂಜಬ್ಯಾಡ್ರಿ. ಸತ್ತಾನಂತ ಸುಳ್ಳ ಸುದ್ದಿ ಹುಟ್ಟಿದ್ರ ಆಯುಷ್ಯ ಗಟ್ಟಿ ಆತು ಅಂತ ತಿಳೀರಿ. ಮನಿಯಾಗ ಸೀ ಮಾಡಿ ಉಣ್ರಿ" ಎಂದರು. ಮಾವನಿಗೆ ಹೋದ ಜೀವ ಬಂತು. ಅಂದು ನಮ್ಮ ಮನೆಯಲ್ಲಿ ಹೋಳಿಗೆ! ಸಕ್ಕರೆ ಇಲ್ಲದ ಕಾಲ, ಬೆಲ್ಲದಲ್ಲೇ ಆಯಿತು. ಹೆಸರು ಕೂಡ ಸರಿಯಾಗಿ ಹೇಳಲು ಬಾರದ ಮಂತ್ರಿಯ ದೀರ್ಘಾಯುಷ್ಯಕ್ಕಾಗಿ ನಮ್ಮ ಓಣಿಯವರೆಲ್ಲ ತುಪ್ಪ ಹಾಕಿಕೊಂಡು ಉಂಡರು. ಬದುಕಿದ್ದವರಿಗಾಗಿ ಮಾವ ಹಾಕಿಸಿದ ಊಟ ನನಗೆ ನೆನಪಿರುವಂತೆ ಅದೊಂದೇ.

ಯುದ್ಧ ಮುಗಿಯಲೇ ಇಲ್ಲ. ಕಡಲಾಚೆ ಅರಬರ ನಾಡಿನ ಬಸರಾ ಎಂಬ ಊರಲ್ಲಿ ದಾರಿ ಕಡಿಯಲು, ಹಡಗಿನಿಂದ ಸಾಮಾನು ಇಳಿಸಲು ಕೂಲಿಯವರು ಬೇಕು ಎಂದು ಸರಕಾರ ಸಾರಿತು. ಮಗ್ಗ ನಿಂತ ಇಳಕಲ್ಲಿನವರು, ಹುನಗುಂದ, ಗುಡೂರು ಕಡೆಯ ಹುಡುಗರು ಹೆಸರು ಕೊಟ್ಟರು. ಅವರನ್ನು ಕಳಿಸುವ ಮೊದಲು ಮಾಮಲೇದಾರರು ಒಂದು ಸಭೆ ಕರೆದರು. ಮೆಂಬರರೆಲ್ಲ, ಊರ ಹಿರಿಯರೆಲ್ಲ ಮಾತಾಡಬೇಕು ಎಂದು ಹುಕುಂ. ಅಡತಿ ವ್ಯಾಪಾರಿಗಳು ಧೈರ್ಯ, ಶೌರ್ಯ, ಚಕ್ರವರ್ತಿಗಳು ಎಂದು ಬಹಳ ಹೊತ್ತು ಹೇಳಿ ಚಪ್ಪಾಳೆ ಹೊಡೆಸಿಕೊಂಡರು. ಆಮೇಲೆ ಗುಡೂರಿನ ಒಬ್ಬ ಮುದುಕಿ ಎದ್ದು ನಿಂತಳು. ಅವಳ ಮಗನೂ ಹೆಸರು ಕೊಟ್ಟಿದ್ದ.

"ಯಪ್ಪಾ, ಎಲ್ಲಾ ಖರೆ. ನನ್ನ ಮಗಾ ಅಲ್ಲಿ ಸತ್ರ ಮಣ್ಣ ಕೊಡಾಕ ಯಾರ ಅದಾರ?"

ವ್ಯಾಪಾರಿಗಳು ಮಾಮಲೇದಾರರ ಮುಖ ನೋಡಿದರು. ಮಾಮಲೇದಾರರು ಮೇಜಿನ ಮೇಲಿದ್ದ ಹೂವಿನ ಹಾರ ನೋಡಿದರು. ಇನ್ನೂ ಮಾತಾಡದೆ ಕೂತಿದ್ದ ಮಾವ ಎದ್ದರು. ಅವರು ಅಂದು ಮಾಡಿದ ಭಾಷಣ ಇಷ್ಟೇ.

"ನಾ ಹೋಗ್ತೇನ್ಬೇ. ನಾ ಅದೇನಿ."

ತಲೆ ಪೂರ್ತಿ ಹಣ್ಣಾದ ಮನುಷ್ಯ! ಕೂಲಿಯವರ ಮುಕಾದಮರಾಗಿ ಹೋಗುವುದೆಂದು ಠರಾಯಿತು. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತ ತೊಳೆಯುತ್ತ ಹೊರಗಿನಿಂದಲೇ ಹೇಳಿದರು. ಒಳಗಿನಿಂದ ಗುಡುಗು ಬರಲಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತರು.

"ಊರ ಮಣ್ಣ ಸಾಲಲಿಲ್ಲೇನ್ರಿ ನಿಮಗ?"

"ಕೇಳಿದ್ಲಲೇ ಮುದುಕಿ. ಸುಮ್ಮ ಕೂಡಾಕ ಆಗಲಿಲ್ಲ."

"ನನಗ ಮಣ್ಣ ಕೊಡಾಕ ಯಾರ ಅದಾರಂತ ನಾ ಕೇಳೂದಿಲ್ಲಂತ ಅಂದ್ಕೊಂಡ್ರಿ. ಹೌದಲ್ಲ?"

ಮಾವ ತಂಬಿಗೆ ಬಗ್ಗಿಸಿ, ತೊಳೆದ ಕಾಲನ್ನೇ ಮತ್ತೆ ತೊಳೆದರು.

ಈ ಸಲ ಅತ್ತೆ ಎರಡು ದಿನವಲ್ಲ, ಮಾವ ಹೊರಡುವ ತನಕ ಮಾತು ಬಿಟ್ಟರು. ಆದರೆ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಒಂದು ಚೀಲ ಹೊಲಿಯತೊಡಗಿದರು. ಕೆಂಪು ಸೆರಗು, ಬಿಳಿ ದಾರ. ಮಡಿಸಿ ಹೊಲಿದು, ಮತ್ತೆ ಮಡಿಸಿ ಹೊಲಿದು, ಅದರ ಮೇಲೆ ಇನ್ನೊಂದು ಸಲ. ಮಲ್ಲಿಗೆಯ ಬುಡ ಬರಿದಾಗುವ ತನಕ ಮಣ್ಣು ತೆಗೆದು, ಸಾಣಿಸಿ, ತುಂಬಿ, ಹೊರಡುವ ದಿನ ಮಾವನ ಮುಂದೆ ಇಟ್ಟರು. ಮಾವ ಚೀಲ ಹಿಡಿದು ತಿರುಗಿಸಿ ನೋಡಿದರು. ಸುಮ್ಮನಿರಬೇಕೋ ಬೇಡವೋ?

"ಇಷ್ಟ ಮಡಿಕಿ ಯಾಕಲೇ? ಅರ್ಧಾ ಮಣ್ಣ ಮಡಿಕ್ಯಾಗ ಕುಂದರತೈತಿ."

"ಕುಂದರಲಿ ಬಿಡ್ರಿ" ಎಂದರು ಅತ್ತೆ. ಹದಿನೈದು ದಿನಕ್ಕೆ ಬಾಯಿಂದ ಬಂದ ಮೊದಲ ಮಾತು.

ಸ್ಟೇಶನ್ನಿಗೆ ಊರೇ ಬಂದಿತ್ತು. ಅತ್ತೆ ಮಾತ್ರ ಬರಲಿಲ್ಲ. ಗಾಡಿಯ ಕಿಟಕಿಯಿಂದ ಮಾವ ನನ್ನನ್ನು ಕರೆದು, "ಸೊಸಿ, ತಂಬಿಗಿ ತುಂಬಿ ಇಡಾಕ ಹೇಳ ಅಕಿಗಿ. ನಾ ಭಾಳ ಹೊಲಸ ಕಾಲಲೆ ಬರ್ತೇನಿ" ಎಂದರು. ಮೊದಲನೇ ಸಲ ಅವರು ನನ್ನ ಮುಖ ನೋಡಿ ಮಾತಾಡಿದ್ದು. ನಾನು ಸೆರಗು ಎಳೆದುಕೊಳ್ಳುವುದನ್ನೂ ಮರೆತೆ.

ಒಂದು ಬೇಸಗೆ ಕಳೆಯಿತು, ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಮಾಮಲೇದಾರರೇ ಮನೆಗೆ ಬಂದರು. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಬಸರಾದಿಂದ ತಂತಿ ಬಂದಿತ್ತು. ಜ್ವರದಿಂದ ತೀರಿಕೊಂಡರು, ಅಲ್ಲಿಯೇ ಮಣ್ಣಾಯಿತು.

ನನ್ನ ಗಂಡ, ಆ ಮಾತಿಲ್ಲದ ಮನುಷ್ಯ, "ಕಾಕಾ!" ಎಂದು ಚೀರಿ ಕೆಳಗೆ ಕೂತರು. ನನಗೂ ತಡೆಯಲಾಗಲಿಲ್ಲ. ಅತ್ತೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಎಲ್ಲ ಕೇಳಿ, ಮುಖ ಅರಳಿಸಿ ಹೇಳಿದರು.

"ಸುಳ್ಳ ಸುದ್ದಿ ಬಂತಲ್ಲ, ಚಲೋ ಆತು ಬಿಡ್ರಿ. ಆಯುಷ್ಯ ಗಟ್ಟಿ ಆತು."

ಅಂದು ಮನೆಯಲ್ಲಿ ಹೋಳಿಗೆ ಮಾಡಿದರು. ಯಾರು ಬೇಡವೆಂದರೂ ಕೇಳಲಿಲ್ಲ. ಓಣಿಯವರನ್ನು ಕರೆದರು. ಅವರು ಬಂದರು, ಎಲೆಯ ಮುಂದೆ ಕೂತರು, ತುಪ್ಪ ಹಾಕಿಸಿಕೊಂಡರು. ಒಬ್ಬರೂ ತುತ್ತು ಬಾಯಿಗೆ ಒಯ್ಯಲಿಲ್ಲ. ಅತ್ತೆ ಮಾತ್ರ ಒಬ್ಬೊಬ್ಬರ ಮುಂದೆ ಹೋಗಿ, "ಉಣ್ರಿ, ಇನ್ನೊಂದ ಹಾಕಸ್ಕೋರಿ. ಅಂದು ಆ ಮಂತ್ರಿ ಸತ್ತನೇನು? ಭಾಷಣಾ ಮಾಡಲಿಲ್ಲೇನು?" ಎನ್ನುತ್ತಿದ್ದರು. ಮಂತ್ರಿಯ ಹೋಳಿಗೆ ಉಂಡು ನಕ್ಕ ನಗೆಯ ಸಾಲವನ್ನು ನಾವೆಲ್ಲ ಈ ರೀತಿ ತೀರಿಸಬೇಕಾಯಿತು.

ಮುನಸಿಪಾಲ್ಟಿಯವರು ದುಃಖದ ಠರಾವು ಮಾಡಲು ಹೊರಟರೆ ಅತ್ತೆ ಹೇಳಿ ಕಳಿಸಿದರು: "ಠರಾವ ಮಾಡಿದ್ರ ನೋಡ್ರಿ! ಅವರು ಬಂದ ಮ್ಯಾಲೆ ನಿಮ್ಮ ಗತಿ ಏನು?" ಊರವರು ಹೊಳೆಗೆ ಹೋಗಿ ಮಣ್ಣು ಕೊಡೋಣ ಎಂದರೆ ಬಾಗಿಲಿಗೆ ಅಡ್ಡ ನಿಂತರು. "ಜೀವಂತ ಇದ್ದಾಂವಗ ಮಣ್ಣ ಕೊಡ್ತೀರೇನು? ಅವರಿಗೆಷ್ಟ ಕೆಟ್ಟ ಅನಿಸಿತ್ತು ನಿಮಗ ಗೊತ್ತಿಲ್ಲೇನು?" ಊರಿನ ಎಲ್ಲರಿಗೂ ಮಣ್ಣು ಕೊಟ್ಟ ಮನುಷ್ಯನಿಗೆ ಊರಿನವರು ಮಣ್ಣು ಕೊಡುವ ಹಾಗಿಲ್ಲದಾಯಿತು. ದಿನಾ ಬೆಳಗ್ಗೆ ತಂಬಿಗೆ ತಿಕ್ಕಿ ತೊಳೆದು, ನೀರು ತುಂಬಿ ಕಟ್ಟೆಯ ಮೇಲೆ ಇಡುವುದನ್ನು ಅತ್ತೆ ನನಗೂ ಬಿಡಲಿಲ್ಲ. ಓಣಿಯ ತುದಿಗೆ ಯಾರ ಕಾಲ್ಮರಿ ಸಪ್ಪಳವಾದರೂ ಅವರ ಕೈಯ ರೊಟ್ಟಿ ನಿಲ್ಲುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗೆ ಒಲೆ ಊದುತ್ತಿದ್ದೆ.

ಯುದ್ಧ ಮುಗಿಯಿತು ಎಂದು ಸಾರಿ ಬಹಳ ದಿನಗಳ ಮೇಲೆ, ಒಂದು ಬೆಳಗ್ಗೆ ಓಣಿಯಲ್ಲಿ ಸಪ್ಪಳವಾಯಿತು. ಬಂದವನು ಹುಸೇನಸಾಬ ಎಂಬ ಇಳಕಲ್ಲಿನ ನೇಕಾರ, ಮಾವನ ಗುಂಪಿನಲ್ಲಿ ಹೋಗಿದ್ದವನು. ಮೈಮೇಲೆ ಎಲುಬು ಬಿಟ್ಟರೆ ಏನಿರಲಿಲ್ಲ. ಒಳಗೆ ಬಾರದೆ ಕಟ್ಟೆಯ ಮೇಲೆ ಕೂತ. ಅತ್ತೆ ಹೊಸ್ತಿಲ ಒಳಗೆ, ನಾನು ಅವರ ಹಿಂದೆ.

"ಎಂದ ಬರ್ತಾರಂತಪಾ ಅವರು?" ಎಂದರು ಅತ್ತೆ.

ಹುಸೇನಸಾಬ ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ಹೇಳಿದ.

"ಅವ್ವಾರ, ಅಲ್ಲಿ ನಮ್ಮ ಹುಡುಗ್ರು ಭಾಳ ಮಂದಿ ಹೋದ್ರು. ಒಬ್ಬೊಬ್ಬಗೂ ಮೆಂಬರ ಸಾಹೇಬ್ರು ಈ ಊರ ಮಣ್ಣ ಕೊಟ್ರು. ಮೊದಲ ಮುಷ್ಟಿ ಕೊಡ್ತಿದ್ರು, ಆಮ್ಯಾಲೆ ಚಿಟಿಕಿ. ಒಬ್ಬ ದೊಡ್ಡ ಗೋರಾ ಸಾಹೇಬ ಇದ್ದ. ಅಲ್ಲಿ ಅರಬರ ಸಂಗಾಟ ಮಾತುಕತಿ ಮಾಡಾಕ ಸರಕಾರ ಕಳಿಸಿತ್ತು. ಬ್ಯಾನಿ ಬಂದು ಸತ್ತ. ಅಂವಗೂ ಒಂದ ಚಿಟಿಕಿ ಕೊಟ್ರು. 'ಯಜಮಾನ್ರ, ಮಣ್ಣ ಮುಗೀಲಿಕ್ಕ ಬಂತು, ಅಂವ ನಮ್ಮ ಊರಾಂವಲ್ಲ' ಅಂದೆ. 'ಯಾವದರ ಊರಾಂವ ಹೌದಲ್ಲೋ' ಅಂದ್ರು. ಕಡೀಗಿ ಗುಡೂರ ಮುದುಕಿ ಮಗಾ ಹ್ವಾದ. ಅವತ್ತ ಚೀಲಾ ಝಾಡಿಸಿ ಕೊಟ್ರು. 'ನಿಮಗಷ್ಟ ಇಟ್ಕೋರಿ' ಅಂದ್ರ, 'ನನಗ್ಯಾಕೋ? ನಾ ಊರಾಗ ಸಾಯಾಂವ. ಅಕಿ ತಂಬಿಗಿ ಇಟ್ಟ ಕಾಯಾಕತ್ಯಾಳ' ಅಂದ್ರು."

ಅತ್ತೆ ಬಾಗಿಲ ಚೌಕಟ್ಟು ಹಿಡಿದರು. ಆಮೇಲೆ ಅತ್ತೆ ಕೇಳಿದ ಪ್ರಶ್ನೆಯಲ್ಲಿ ಸುಳ್ಳು ಸುದ್ದಿ ಮುಗಿದು ಹೋಯಿತು.

"ಅವರಿಗೆ ಯಾ ಮಣ್ಣ ಕೊಟ್ರೆಪಾ?"

"ಅಲ್ಲಿದು ಬರೇ ಉಸುಕ್ರಿ ಅವ್ವಾರ. ಉಸುಕ ಹ್ಯಾಂಗ ಹಾಕೂದು ಅಂತ ನಮ್ಮ ಹುಡುಗ್ರು ಅಳಾಕ ಹತ್ತಿದ್ರು. ಚೀಲಾ ಖಾಲಿ. ಖಾಲಿ ಚೀಲಾನ ತಲಿ ಬುಡಕ ಇಡೂನು ಅಂತ ಕೈಯಾಗ ಹಿಡದ್ನಿ. ಅಂಚ ಭಾರ ಹತ್ತಿತ್ರಿ. ನೋಡ್ತೇನಿ, ಮಡಿಕಿ. ಹೊಲಿಗಿ ಬಿಚ್ಚಿದೆ. ಒಳಗ ಇನ್ನೊಂದ ಮಡಿಕಿ. ಅದನ್ನೂ ಬಿಚ್ಚಿದೆ. ನೇಕಾರ ನಾ, ಅಂಥಾ ಹೊಲಿಗಿ ಎಲ್ಲೂ ನೋಡಿಲ್ರಿ. ಮಡಿಕಿ ಮಡಿಕ್ಯಾಗ ಮಣ್ಣ ಕುಂತಿತ್ತು. ಎಲ್ಲಾ ಕೂಡಿಸಿದ್ರ ಒಂದ ಮುಷ್ಟಿ ತುಂಬ ಬಂತ್ರಿ. ಕಡೀ ಕಡೀಗಿ ಎಲ್ಲಾರಿಗೂ ಚಿಟಿಕಿ ಸಿಕ್ಕಿತ್ತು, ಅವರಿಗೊಬ್ಬರಿಗೆ ಮುಷ್ಟಿ ತುಂಬ ಸಿಕ್ತು."

"ನಗ್ತಿದ್ರು ನನ್ನ ಹೊಲಿಗಿಗಿ" ಎಂದರು ಅತ್ತೆ. ಅವರೂ ನಕ್ಕರು. ನಗುತ್ತ ನಗುತ್ತಲೇ ಅವರ ದನಿ ಒಡೆಯಿತು. "ಹುಸೇನಸಾಬಾ, ಹೆಂಟಿ ಇದ್ದಿಲ್ಲಲ್ಲೋ? ಬಡೀತೈತಿ ಅವರಿಗೆ."

"ಇಲ್ರಿ ಅವ್ವಾರ. ಹಿಟ್ಟಿನಂಗ ಇತ್ತು. ಬಾಗಿ ಬಿಟ್ವಿ."

ಈಗ ನನಗೆ ಅತ್ತೆಗೆ ಆಗ ಆಗಿದ್ದಷ್ಟು ವಯಸ್ಸಾಗಿದೆ. ಎಷ್ಟೋ ಮಣ್ಣಿಗೆ ಹೋಗಿ ಬಂದಿದ್ದೇನೆ, ನನ್ನವರದಕ್ಕೂ. ಆದರೆ ಆ ಬೆಳಗ್ಗೆ ಅತ್ತೆ ಅತ್ತ ಹಾಗೆ ಇನ್ನೊಬ್ಬರು ಅತ್ತದ್ದನ್ನು ನಾನು ಕೇಳಿಲ್ಲ. ತಡೆದು ಇಟ್ಟದ್ದೆಲ್ಲ ಒಂದೇ ಸಲ ಬಂತು.

ಅತ್ತಾದ ಮೇಲೆ ಎದ್ದು ಹಿತ್ತಲಿಗೆ ಹೋದರು. ಮಲ್ಲಿಗೆಯ ಬುಡದಿಂದ ಒಂದು ಮುಷ್ಟಿ ಮಣ್ಣು ತೆಗೆದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಹೊಳೆಯ ಕಡೆ ನಡೆದರು. ಹಿಂದೆ ನಾನು, ನನ್ನ ಗಂಡ, ಹುಸೇನಸಾಬ. ನಾವು ಯಾರನ್ನೂ ಕರೆಯಲಿಲ್ಲ. ಆದರೆ ಒಂದೊಂದು ಓಣಿ ದಾಟಿದ ಹಾಗೆ ಮಂದಿ ಅಂಗಡಿ ಮುಚ್ಚಿ, ಒಲೆಯ ಮೇಲಿನ ಹಂಚು ಇಳಿಸಿ, ತಮ್ಮ ತಮ್ಮ ಅಂಗಳದ ಮಣ್ಣು ಮುಷ್ಟಿಯಲ್ಲಿ ಹಿಡಿದು ಬರತೊಡಗಿದರು. ಅಡತಿ ವ್ಯಾಪಾರಿಗಳು ಬಂದರು. ಮಾಮಲೇದಾರರೂ ಬರಿಗಾಲಲ್ಲಿ ಬಂದರು. ಘಟಪ್ರಭೆಯ ನೀರು ದಂಡೆಯ ಗುಂಟ ಕೆಂಪಾಯಿತು. ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಹೇಳುವುದು ನನ್ನ ಚಾಳಿ ಎಂದು ನನ್ನ ಗಂಡ ಅನ್ನುತ್ತಿದ್ದರು. ಇದಕ್ಕೆ ಮಾತ್ರ ನಾನು ಏನೂ ಸೇರಿಸಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಬೆಳಗ್ಗೆ ತುಂಬಿಟ್ಟ ತಂಬಿಗೆ ಕಟ್ಟೆಯ ಮೇಲೆ ಹಾಗೆಯೇ ಇತ್ತು. ಅತ್ತೆ ಹೊಸ್ತಿಲ ಹೊರಗೆ ನಿಂತರು. ಒಳಗಿನಿಂದ "ಅಲ್ಲೇ ನಿಂದರ್ರಿ" ಎನ್ನುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, ತಾವೇ ತಂಬಿಗೆ ಎತ್ತಿ, ಆ ನೀರನ್ನು ತಮ್ಮ ಕಾಲಿಗೆ ಹಾಕಿಕೊಂಡು ಒಳಗೆ ಹೋದರು.